ಕೈಮರ ಮತ್ತು ಬುತ್ತಿ

ಮೈಸೂರಿನಿಂದ ಮಾನಂದವಾಡಿಯ ರಸ್ತೆ ಹಿಡಿದು ಹೊರಟವರಿಗೆ ಹೆಗ್ಗಡದೇವನಕೋಟೆ ಹತ್ತಿರವಾಯಿತೆಂದು ಮೊದಲು ತಿಳಿಸುವ ಊರು ಹ್ಯಾಂಡ್‌ಪೋಸ್ಟ್. ಹೆಸರು ಇಂಗ್ಲಿಷಿನದು. ದಾರಿ ಕವಲೊಡೆಯುವ ಕಡೆ ಒಂದು ಕಂಬ ನೆಟ್ಟು, ಅದಕ್ಕೆ ಚಾಚಿದ ಕೈಯಂತೆ ಹಲಗೆ ಹೊಡೆದರೆ ಅದು ಹ್ಯಾಂಡ್‌ಪೋಸ್ಟ್. ಮಲೆನಾಡಿನವರು ಇದಕ್ಕೇ ಕೈಮರ ಎನ್ನುತ್ತಾರೆ. ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿಯ ಕಡೆ ಹೋಗುವ ದಾರಿಯಲ್ಲಿ ಕೈಮರವೆಂಬ ಊರೇ ಇದೆ. ನಮ್ಮ ಕೋಟೆ ಸೀಮೆಯವರು ಮಾತ್ರ ಇಂಗ್ಲಿಷ್ ಹೆಸರನ್ನೇ ಇಟ್ಟುಕೊಂಡು ಅದಕ್ಕೊಂದು ಉಕಾರ ಸೇರಿಸಿ 'ಹ್ಯಾಂಡ್‌ಪೋಸ್ಟು' ಮಾಡಿಕೊಂಡಿದ್ದಾರೆ. ಹೆಸರು ಯಾವ ಭಾಷೆಯದಾದರೂ ಕೈಮರದ ಸ್ವಭಾವ ಒಂದೇ. ಅದು ದಾರಿ ತೋರಿಸುತ್ತದೆ. ತಾನು ಜೊತೆಗೆ ಬರುವುದಿಲ್ಲ.

ಈ ಕೈಮರದ ಊರಿನಲ್ಲಿ ನಾನು ಒಮ್ಮೆ ಪೆಚ್ಚಾದ ಸಂಗತಿಯಿಂದಲೇ ಈ ಲೇಖನ ಹುಟ್ಟಿತು. 2014ರ ಬೇಸಿಗೆ ರಜೆ. ಹ್ಯಾಂಡ್‌ಪೋಸ್ಟಿಗೆ ಹತ್ತಿರದ ಶಾಲೆಯೊಂದರಲ್ಲಿ ನನ್ನ ಹೆಂಡತಿಯ ತಮ್ಮ ಮೇಷ್ಟರಾಗಿದ್ದ. ಯಾರೋ ಪುಣ್ಯಾತ್ಮರು ಆ ಶಾಲೆಗೆ ನಾಲ್ಕು ಹಳೆಯ ಕಂಪ್ಯೂಟರುಗಳನ್ನು ಕೊಟ್ಟಿದ್ದರು. "ಭಾವ, ಇದರಲ್ಲಿ ಮಕ್ಕಳು ಕನ್ನಡ ಬರೆಯೋ ಹಾಗೆ ಮಾಡಿಕೊಟ್ಟು ಹೋಗಿ" ಎಂದು ಅವನು ಫೋನು ಮಾಡಿದ. ನಾನೂ ಹೋದೆ. ಮೈಸೂರಿನಲ್ಲೇ ಡಿಸ್ಕಿಗೆ ಹಾಕಿಕೊಂಡಿದ್ದ ಲೈನಕ್ಸ್ ಸಲೀಸಾಗಿ ಕೂತಿತು. ಆಮೇಲೆ ಬೆರಳಚ್ಚು ಕಲಿಸುವ ಒಂದು ಸಣ್ಣ ಪ್ರೋಗ್ರಾಮು. ಅದರ ಸಿದ್ಧರೂಪ ಆ ಮುದಿ ಯಂತ್ರಗಳಿಗೆ ಒಗ್ಗದೆಂದು ತಿಳಿದು, ಅದರ ಸೋರ್ಸ್ ಕೋಡನ್ನೇ ಪೆನ್ ಡ್ರೈವಿನಲ್ಲಿ ಒಯ್ದಿದ್ದೆ. ಅಲ್ಲೇ ಕಟ್ಟಿಕೊಂಡರಾಯಿತೆಂಬ ಹುಮ್ಮಸ್ಸು.

ಗಂಟು ಬಿಚ್ಚಿದೆ. ಒಳಗೆ ಹತ್ತಾರು ಕೋಶಗಳು. ಅವುಗಳಲ್ಲಿ ಒಂದಕ್ಕೆ, ಆ ಪ್ರೋಗ್ರಾಮು ಆಧರಿಸಿದ್ದ ಇನ್ನೊಂದು ಪ್ರೋಗ್ರಾಮಿನ ಹೆಸರಿತ್ತು. ತೆರೆದು ನೋಡಿದರೆ ಒಳಗೆ ಏನೂ ಇಲ್ಲ. ಬೇಕಾದವರು ಜಾಲದಲ್ಲಿ ಇಂಥ ವಿಳಾಸಕ್ಕೆ ಹೋಗಿ ತಂದುಕೊಳ್ಳಬೇಕೆಂದು ಬೇರೊಂದು ಕಡತದಲ್ಲಿ ಬರೆದಿತ್ತು. ಶಾಲೆಯಲ್ಲಿ ಜಾಲದ ಸಂಪರ್ಕವಿರಲಿಲ್ಲ. ಮೊಬೈಲನ್ನು ಆರತಿ ತಟ್ಟೆಯಂತೆ ಎತ್ತಿ ಹಿಡಿದುಕೊಂಡು ರಸ್ತೆಗಳು ಕೂಡುವ ತನಕ ನಡೆದು ಬಂದೆವು. ಪರದೆಯ ಮೇಲೆ ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಎರಡು ಕಾಫಿ ಮುಗಿದವು. ಕೊನೆಗೆ ನನ್ನ ಬಾಮೈದ ಹೇಳಿದ: "ಅಲ್ಲ ಭಾವ, ಊಟಕ್ಕೆ ಕರೆದು ಬರೀ ಎಲೆ ಹಾಕಿದ ಹಾಗಾಯ್ತಲ್ಲ!"

ಆ ಬರೀ ಎಲೆಯ ಪೂರ್ವೋತ್ತರವನ್ನು ಹುಡುಕುತ್ತ ಹೋದಾಗ ನನಗೆ ಸಿಕ್ಕ ಚರಿತ್ರೆಯನ್ನು ಓದುಗರ ಮುಂದಿಡುತ್ತೇನೆ. ಕಂಪ್ಯೂಟರಿನ ಮಾತೆಂದು ಪುಟ ತಿರುವಿಬಿಡಬಾರದು. ಇದರಲ್ಲಿ ನಮ್ಮ ತಾಳೆಗರಿಯ ವಿಷಯವೂ ಇದೆ, ಅರ್ಕಾವತ್ತಿನ ವಿಷಯವೂ ಇದೆ.

ಪ್ರೋಗ್ರಾಮೆಂಬುದನ್ನು ಮನುಷ್ಯರು ಬರೆಯುವುದು ಮನುಷ್ಯರು ಓದಬಹುದಾದ ಅಕ್ಷರಗಳಲ್ಲಿ. ಇದೇ ಸೋರ್ಸ್ ಕೋಡ್, ನಾವು ಮೂಲಪಾಠವೆನ್ನೋಣ. ಯಂತ್ರ ನಡೆಸುವುದು ಅದರಿಂದ ಕಟ್ಟಿದ ಬೇರೊಂದು ರೂಪವನ್ನು. ಅದನ್ನು ಓದಿ ತಿದ್ದುವುದು ಹೆಚ್ಚುಕಡಿಮೆ ಅಸಾಧ್ಯ. ಮೂಲಪಾಠ ಕೈಯಲ್ಲಿದ್ದವನು ಮಾತ್ರ ತಪ್ಪು ತಿದ್ದಬಲ್ಲ, ತನ್ನ ಯಂತ್ರಕ್ಕೆ ಹೊಂದಿಸಬಲ್ಲ. ಆದರೆ ಯಾವ ಪ್ರೋಗ್ರಾಮೂ ಪೂರ್ತಿ ಸ್ವಂತದ್ದಲ್ಲ. ಅಡಿಗೆ ಪುಸ್ತಕದಲ್ಲಿ 'ಎರಡು ಚಮಚ ಸಾರಿನ ಪುಡಿ ಹಾಕಿ' ಎಂದಿರುತ್ತದೆ. ಆ ಪುಡಿಯನ್ನು ಮಾಡುವ ಬಗೆ ಆ ಪುಟದಲ್ಲಿರುವುದಿಲ್ಲ. ಅಕ್ಷರ ಮೂಡಿಸುವುದು, ಕಡತವನ್ನು ಹಿಂಡಿ ಚಿಕ್ಕದು ಮಾಡುವುದು, ಇಂಥ ಸಾಮಾನ್ಯ ಕೆಲಸಗಳಿಗೆ ಒಬ್ಬರು ಮಾಡಿಟ್ಟ ಪುಡಿಯನ್ನು ಸಾವಿರ ಜನ ಬಳಸುತ್ತಾರೆ. ಇಂಥ ಪುಡಿಯ ಡಬ್ಬಿಗೆ ಲೈಬ್ರರಿಯೆಂದು ಹೆಸರು. ಹೀಗಿರಲು, ತಾನು ಬರೆದ ಪ್ರೋಗ್ರಾಮಿನ ಮೂಲಪಾಠವನ್ನು ಲೋಕಕ್ಕೆ ಬಿಡುಗಡೆ ಮಾಡುವವನ ಮುಂದೆ ಎರಡು ದಾರಿ. ಲೈಬ್ರರಿಗಳ ಮೂಲಪಾಠವನ್ನೂ ಗಂಟಿನಲ್ಲಿ ಕಟ್ಟಿಕೊಡುವುದು ಒಂದು, ಅದು ಬುತ್ತಿ. ಎಲ್ಲಿ ಸಿಗುತ್ತದೆಂದು ಹೇಳಿ ಸುಮ್ಮನಾಗುವುದು ಇನ್ನೊಂದು, ಅದು ಕೈಮರ. ಯಾವುದು ಸರಿ ಎಂಬ ಜಗಳ ನಲವತ್ತು ವರ್ಷಗಳಿಂದ ನಡೆದಿದೆ.

ಮೊದಮೊದಲು ಜಗಳಕ್ಕೆ ಆಸ್ಪದವೇ ಇರಲಿಲ್ಲ. ಜಾಲವೇ ಇಲ್ಲದವನಿಗೆ ಕೈಮರ ಯಾತಕ್ಕೆ? ರಿಚರ್ಡ್ ಸ್ಟಾಲ್ಮನ್ ಎಂಬಾತ 1983ರ ಸೆಪ್ಟೆಂಬರಿನಲ್ಲಿ ಗ್ನೂ ಯೋಜನೆಯನ್ನು ಸಾರಿದ. ಎಲ್ಲರೂ ಓದಿ, ತಿದ್ದಿ, ಹಂಚಬಹುದಾದ ಒಂದು ಪೂರ್ಣ ವ್ಯವಸ್ಥೆಯನ್ನು ಕಟ್ಟುವೆನೆಂಬುದು ಅವನ ಸಂಕಲ್ಪ. 1985ರಲ್ಲಿ ಆತ ತನ್ನ ಈಮ್ಯಾಕ್ಸ್ ಎಂಬ ಪ್ರೋಗ್ರಾಮನ್ನು ಟೇಪಿನ ಸುರುಳಿಯಲ್ಲಿ ತುಂಬಿ, 150 ಡಾಲರು ಕಳಿಸಿದವರಿಗೆ ಅಂಚೆಯಲ್ಲಿ ಕಳಿಸಿಕೊಡುತ್ತಿದ್ದ. ಇಂದಿಗೂ ಮೂಲಪಾಠದ ಗಂಟಿಗೆ 'ಟಾರ್‌ಬಾಲ್' ಎಂಬ ಹೆಸರಿದೆ. ಅದರ ಟಾರ್ ಎಂಬುದು ಟೇಪಿನ ಸಂಗ್ರಹವೆಂಬುದರ ಹ್ರಸ್ವ. ಅಂಚೆಯಲ್ಲಿ ಬಂದ ಸುರುಳಿಯಲ್ಲಿ ಏನಾದರೂ ಬಿಟ್ಟುಹೋಗಿದ್ದರೆ ಇನ್ನೊಂದು ಸುರುಳಿಗೆ ತಿಂಗಳು ಕಾಯಬೇಕು. ಆದ್ದರಿಂದ ಕಟ್ಟುವವನು ಕೈತಡೆದು ಕಟ್ಟುತ್ತಿರಲಿಲ್ಲ. 1991ರಲ್ಲಿ ಬಂದ ಗ್ನೂ ಪರವಾನಗಿಯ ಎರಡನೆಯ ಆವೃತ್ತಿ ಈ ವಾಡಿಕೆಯನ್ನು ಕಾನೂನಿನ ಮಾತಿನಲ್ಲೇ ಬರೆಯಿತು. ಕಟ್ಟಿದ ರೂಪವನ್ನು ಹಂಚುವವನು ಅದರೊಳಗಿನ ಎಲ್ಲ ಭಾಗಗಳ ಮೂಲಪಾಠವನ್ನೂ, ಅದನ್ನು ಕಟ್ಟಿ ಕೂರಿಸುವ ಸೂತ್ರಗಳನ್ನೂ ಕೊಡಬೇಕು. ಸಾಮಾನ್ಯವಾಗಿ ಯಂತ್ರದ ಮೂಲ ವ್ಯವಸ್ಥೆಯ ಜೊತೆಗೇ ಬರುವಂಥವನ್ನು ಮಾತ್ರ ಬಿಡಬಹುದು. ಉಪ್ಪು ನಿಮ್ಮ ಮನೆಯಲ್ಲಿ ಇದ್ದೇ ಇರುತ್ತದೆ, ಉಳಿದದ್ದನ್ನು ನಾನು ಕೊಡಬೇಕು ಎಂದಂತೆ. ಸ್ಟಾಲ್ಮನ್ನನ ಇತರ ಮಾತುಗಳ ಮೇಲೆ ಭಿನ್ನಾಭಿಪ್ರಾಯವಿರುವವರೂ ಈ ಒಂದು ಅಂಶದಲ್ಲಿ ಅವನ ವ್ಯವಹಾರಜ್ಞಾನವನ್ನು ಒಪ್ಪಬೇಕು.

ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್‌ನೆಟ್ ದೊರಕಿದ್ದು 1995ರ ಆಗಸ್ಟ್ 15ರಂದು. ದೊರಕಿತೆಂಬುದು ದೊಡ್ಡ ಮಾತು. ದೂರವಾಣಿಯ ತಂತಿಯ ಮೇಲೆ ಅದು ತೆವಳುತ್ತಿತ್ತು. ಅಂಥ ಕಾಲದಲ್ಲಿ ಲೈನಕ್ಸ್ ಇಲ್ಲಿ ಹಬ್ಬಿದ್ದು ಹೇಗೆ? ಪಿಸಿಕ್ವೆಸ್ಟ್ ಎಂಬ ಮಾಸಪತ್ರಿಕೆ 1996ರಿಂದ ತನ್ನ ಸಂಚಿಕೆಯ ಜೊತೆಗೆ ಸಿ.ಡಿ.ಯಲ್ಲಿ ಅದನ್ನು ಹಂಚಿತು. ಇದರ ಹಿಂದೆ ನಿಂತು ದುಡಿದವರು ಬೆಂಗಳೂರಿನ ಅತುಲ್ ಚಿಟ್ನಿಸ್. 2001ರಲ್ಲಿ ಆರಂಭವಾಗಿ ಮುಂದೆ ಫಾಸ್ ಡಾಟ್ ಇನ್ ಎಂದಾದ ಬೆಂಗಳೂರಿನ ಲೈನಕ್ಸ್ ಸಮ್ಮೇಳನಕ್ಕೂ ಅವರೇ ಮುಂದಾಳು. 2013ರಲ್ಲಿ ತೀರಿಕೊಂಡರು. ಪತ್ರಿಕೆಗೆ ಅಂಟಿದ ಆ ತಟ್ಟೆಗಾಗಿ ಮೈಸೂರಿನ ಪುಸ್ತಕದಂಗಡಿಯಲ್ಲಿ ತಿಂಗಳ ಮೊದಲ ವಾರ ಹೊಂಚು ಹಾಕಿದವರಲ್ಲಿ ನಾನೂ ಒಬ್ಬ. ಅದು ಶುದ್ಧ ಬುತ್ತಿ. ಮನೆಗೆ ತಂದರೆ ಇನ್ನಾರ ಹಂಗೂ ಇರಲಿಲ್ಲ.

ಕನ್ನಡದಲ್ಲಿ ಬರೆಯುವವರಿಗಂತೂ ಬುತ್ತಿಯ ಅಗತ್ಯ ಇನ್ನೊಂದು ರೀತಿಯಲ್ಲಿ ಅನುಭವಕ್ಕೆ ಬಂದಿತ್ತು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಆಗ ಬಳಕೆಯಲ್ಲಿದ್ದ ಅಕ್ಷರಶೈಲಿಗಳಲ್ಲಿ ಯಾವ ಸಂಖ್ಯೆಗೆ ಯಾವ ಅಕ್ಷರದ ತುಂಡು ಎಂಬುದು ಆಯಾ ಶೈಲಿಗೇ ಸೇರಿದ ಗುಟ್ಟು. ಆ ಶೈಲಿಯಿಲ್ಲದ ಯಂತ್ರದಲ್ಲಿ ತೆರೆದರೆ ಮದುವೆಯ ಕರೆಯೋಲೆಯೂ ಮಾಟದ ಚೀಟಿಯಂತೆ ಕಾಣುತ್ತಿತ್ತು. ಹೀಗಾಗಿ ಕಾಗದವಿದ್ದ ಫ್ಲಾಪಿಯಲ್ಲೇ ಅಕ್ಷರಶೈಲಿಯ ಕಡತವನ್ನೂ ತುರುಕಿ ಕೊಡುತ್ತಿದ್ದೆವು. ಇದ್ದ ಜಾಗ 1.44 ಮೆಗಾಬೈಟು, ಅದರಲ್ಲೇ ಕವಿತೆಯೂ ಇರಬೇಕು, ಕವಿತೆಯನ್ನು ಕಾಣಿಸುವ ಅಕ್ಷರವೂ ಇರಬೇಕು. ಕನ್ನಡಕ್ಕೆ 128 ಸ್ಥಾನಗಳನ್ನು ಕೊಟ್ಟಿರುವ ಯೂನಿಕೋಡ್ ಬಳಕೆಗೆ ಬಂದು ರೂಢಿಯಾದ ಮೇಲೆ ಈ ಕಷ್ಟ ಕಡಿಮೆಯಾಯಿತು.

ಆದರೆ ಬುತ್ತಿ-ಕೈಮರಗಳ ಪ್ರಶ್ನೆ ಕಂಪ್ಯೂಟರಿನಿಂದ ಹುಟ್ಟಿದ್ದಲ್ಲ. ಓಲೆಗರಿಯ ಕಾಲದಲ್ಲಿ ಟೀಕೆ ಬರೆಯುವವರ ಮುಂದೆಯೂ ಇದೇ ಪ್ರಶ್ನೆಯಿತ್ತು. ಎಷ್ಟೋ ಟೀಕೆಗಳಲ್ಲಿ ಮೂಲಶ್ಲೋಕ ಪೂರ್ತಿ ಇರುವುದಿಲ್ಲ. ಅದರ ಮೊದಲ ಒಂದೆರಡು ಪದಗಳು ಮಾತ್ರ ಇರುತ್ತವೆ. ಇದಕ್ಕೆ ಪ್ರತೀಕವೆಂದು ಹೆಸರು. ಮೂಲ ನಿನ್ನ ಹತ್ತಿರ ಇದೆ ಅಥವಾ ನಿನಗೆ ಕಂಠಪಾಠವಾಗಿದೆ ಎಂಬ ನಂಬಿಕೆಯ ಮೇಲೆ ಬರೆದದ್ದು. ಓಲೆ ಸಿದ್ಧಪಡಿಸುವ ಶ್ರಮ, ಕಂಟದಿಂದ ಕೊರೆಯುವ ಶ್ರಮ ನೆನೆದರೆ ಈ ಜಿಪುಣತನ ತಪ್ಪೆನ್ನಲಾಗದು. ಮೂಲ ಉಳಿದಿರುವ ತನಕ ಇದು ಸುಖ. ಮೂಲ ಗೆದ್ದಲಿನ ಪಾಲಾದ ದಿನ ಆ ಟೀಕೆ ಬಾವಿಯಿಲ್ಲದ ರಾಟೆ.

ಇದಕ್ಕೆ ಎದುರಾಗಿ ನಿಲ್ಲುವುದು ಹದಿಮೂರನೆಯ ಶತಮಾನದ ಮಲ್ಲಿಕಾರ್ಜುನನ 'ಸೂಕ್ತಿಸುಧಾರ್ಣವ'. ತನಗಿಂತ ಹಿಂದಿನ ಕವಿಗಳ ಪದ್ಯಗಳನ್ನು ಇಡಿಇಡಿಯಾಗಿ ಎತ್ತಿ ವಿಷಯವಾರು ಜೋಡಿಸಿದ ಸಂಕಲನವದು. ಅವನ ಮಗ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ವ್ಯಾಕರಣದ ಸೂತ್ರಗಳಿಗೆ ಹಳೆಯ ಕಾವ್ಯಗಳಿಂದ ಉದಾಹರಣೆ ಕೊಟ್ಟ. ಒಂದನೆಯ ಗುಣವರ್ಮನ 'ಶೂದ್ರಕ', 'ಹರಿವಂಶ'ಗಳು ನಮಗೆ ದೊರೆತಿಲ್ಲ. ಆದರೂ ಅವನ ಪದ್ಯಗಳು ಒಂದಿಷ್ಟು ಇಂಥ ಗ್ರಂಥಗಳ ಹೊಟ್ಟೆಯೊಳಗೆ ಕೂತು ನಮ್ಮ ತನಕ ಬಂದಿವೆ. ಅಪ್ಪ-ಮಗ ಇಬ್ಬರೂ ಸಂರಕ್ಷಣೆಯ ಘನ ಉದ್ದೇಶದಿಂದ ಹಾಗೆ ಮಾಡಿದರೆಂದು ನಾನು ಹೇಳುವುದಿಲ್ಲ. ಅವರಿಗೆ ತಮ್ಮ ಕೆಲಸಕ್ಕೆ ಬೇಕಿತ್ತು, ಜೊತೆಗೆ ಒಯ್ದರು. ಆದರೆ ಒಯ್ದವರು ಚೀಟಿ ಅಂಟಿಸಲಿಲ್ಲ. ಎಷ್ಟೋ ಪದ್ಯ ಯಾರದು, ಯಾವ ಕಾವ್ಯದ್ದು ಎಂಬುದನ್ನು ಆರ್. ನರಸಿಂಹಾಚಾರ್ಯರಂಥವರು ಕೂತು ಹುಡುಕಬೇಕಾಯಿತು. ಅವರ 'ಕರ್ಣಾಟಕ ಕವಿಚರಿತೆ'ಯ ಮೊದಲ ಸಂಪುಟ ಬಂದದ್ದು 1907ರಲ್ಲಿ, ಎಂದರೆ ಮಲ್ಲಿಕಾರ್ಜುನನಾಗಿ ಆರುನೂರು ವರ್ಷ ಕಳೆದ ಮೇಲೆ. ಇನ್ನೊಂದು ತೊಡಕು ಎಲ್ಲ ವಿದ್ವಾಂಸರಿಗೂ ಗೊತ್ತಿರುವುದೇ. ಒಂದು ಪದ್ಯ ನಾಲ್ಕು ಕಡೆ ನಕಲಾದರೆ ನಾಲ್ಕು ಕಡೆಯೂ ಒಂದೊಂದು ಅಕ್ಷರ ಬೇರೆ. ಪಾಠಾಂತರವೆಂಬುದು ನಕಲಿನ ನೆರಳು. ಒಂದಿದ್ದಲ್ಲಿ ಇನ್ನೊಂದು ಇದ್ದೇ ಇರುತ್ತದೆ.

ಪಾಠಾಂತರದ ಈ ಪೀಡೆ ಕಂಪ್ಯೂಟರಿನಲ್ಲಿ ಕನ್ನಡವನ್ನೇ ಹಿಡಿದದ್ದು ಹೇಗೆಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

'ಸೂರ್ಯ' ಎಂದು ಬರೆಯುತ್ತೇವೆ. ಉಚ್ಚಾರದಲ್ಲಿ ರಕಾರ ಮೊದಲು, ಯಕಾರ ಆಮೇಲೆ. ಬರಹದಲ್ಲಿ ಯಕಾರ ಮೊದಲು. ರಕಾರ ಅದರ ಬೆನ್ನಿಗೆ ಅರ್ಕಾವತ್ತಾಗಿ ಬರುತ್ತದೆ. 'ರಾಷ್ಟ್ರ'ದಲ್ಲಿ ಮೂರು ವ್ಯಂಜನಗಳು ಒಂದರಡಿ ಒಂದು ಕೂರಬೇಕು. ಇಂಗ್ಲಿಷಿನಂತೆ ಅಕ್ಷರವನ್ನು ಸಾಲಾಗಿ ನಿಲ್ಲಿಸಿದರೆ ಮುಗಿಯಲಿಲ್ಲ. ಯಾವುದು ಹಿಂದೆ, ಯಾವುದು ಕೆಳಗೆ ಎಂದು ತೀರ್ಮಾನಿಸಿ ಜೋಡಿಸುವ ಮೊಳೆಜೋಡಕನೊಬ್ಬ ಯಂತ್ರದೊಳಗೆ ಬೇಕು. 1996ರಲ್ಲಿ ಡೇವಿಡ್ ಟರ್ನರ್ ಆರಂಭಿಸಿದ ಫ್ರೀಟೈಪ್ ಎಂಬ ಮುಕ್ತ ಲೈಬ್ರರಿಯ ಮೊದಲ ಆವೃತ್ತಿಯಲ್ಲಿ ಇಂಥ ಜೋಡಣೆಗೆ ನೆರವಾಗುವ ಭಾಗವೊಂದಿತ್ತು. ಎರಡನೆಯ ಆವೃತ್ತಿಯನ್ನು ಬರೆಯುವಾಗ ಫ್ರೀಟೈಪಿನವರು ತಮ್ಮ ಕೆಲಸ ಅಕ್ಷರದ ಚಿತ್ರ ಬಿಡಿಸುವುದಷ್ಟೇ, ಜೋಡಿಸುವುದಲ್ಲ ಎಂದು ನಿರ್ಧರಿಸಿ ಆ ಭಾಗವನ್ನು ಕೈಬಿಟ್ಟರು.

ಬೇಕಾದವರು ಏನು ಮಾಡಬೇಕು? ಅನಾಥವಾದ ಆ ಮೂಲಪಾಠವನ್ನು ಎತ್ತಿಕೊಂಡು ತಮ್ಮ ಗಂಟಿಗೆ ಸೇರಿಸಿಕೊಂಡರು. ಗ್ನೋಮ್ ಎಂಬ ವ್ಯವಸ್ಥೆಗೆ ಬರಹ ಒದಗಿಸುವ ಪ್ಯಾಂಗೋದವರು ಒಂದು ಪ್ರತಿ ಒಯ್ದರು. ಕೆ.ಡಿ.ಇ. ಎಂಬ ಇನ್ನೊಂದು ವ್ಯವಸ್ಥೆಗೆ ಆಧಾರವಾದ ಕ್ಯೂಟಿಯವರು ಮತ್ತೊಂದು ಪ್ರತಿ ಒಯ್ದರು. (ಪ್ಯಾಂಗೋ ಎಂಬ ಹೆಸರಿನ ಅರ್ಧ ಗ್ರೀಕಿನದು, ಅರ್ಧ ಜಪಾನಿಯದು, 'ಎಲ್ಲ ಭಾಷೆ' ಎಂದು ಅರ್ಥ. ನಮ್ಮಲ್ಲಿ ಇಂಥ ಸಮಾಸಕ್ಕೆ ಅರಿಸಮಾಸವೆಂದು ಬೈಯುತ್ತಾರೆ.) ಅಲ್ಲಿಂದ ಎರಡು ಪ್ರತಿಗಳೂ ಬೇರೆ ಬೇರೆ ಕೈಗಳಲ್ಲಿ ಬೆಳೆದವು. ಇಲ್ಲಿ ತಿದ್ದಿದ್ದು ಅಲ್ಲಿ ತಿದ್ದಲಿಲ್ಲ. ಅಲ್ಲಿ ಸೇರಿಸಿದ್ದು ಇಲ್ಲಿಗೆ ಬರಲಿಲ್ಲ. ಆ ವರ್ಷಗಳಲ್ಲಿ ನನ್ನ ಮೇಜಿನ ಮೇಲೆ ನಾನೇ ಕಂಡಿದ್ದೇನೆ: ಒಂದೇ ಯಂತ್ರ, ಒಂದೇ ಅಕ್ಷರಶೈಲಿ, ಒಂದೇ ವಾಕ್ಯ, ಒಂದು ಕಿಟಕಿಯಲ್ಲಿ ಅರ್ಕಾವತ್ತು ತನ್ನ ಜಾಗದಲ್ಲಿದೆ, ಪಕ್ಕದ ಕಿಟಕಿಯಲ್ಲಿ ದಾರಿ ತಪ್ಪಿದ ಮಗುವಿನಂತೆ ಎಲ್ಲೋ ನಿಂತಿದೆ. ತಪ್ಪು ಅಕ್ಷರಶೈಲಿಯದೆಂದು ಅದನ್ನು ಮಾಡಿದವರನ್ನು ಬೈದುಕೊಂಡೆ. ಪಾಪ, ಅವರ ತಪ್ಪೇನೂ ಇರಲಿಲ್ಲ.

2006ರ ಹೊತ್ತಿಗೆ ಎರಡೂ ಮನೆಯವರು ಕೂಡಿ ಮಾತಾಡಿದರು. ಪಾಲಾಗಿದ್ದ ಮೂಲಪಾಠವನ್ನು ಒಟ್ಟುಮಾಡಿ ಹಾರ್ಫ್‌ಬಜ್ ಎಂಬ ಒಂದೇ ಲೈಬ್ರರಿ ಮಾಡುವುದೆಂದಾಯಿತು. ತೆರೆದ ಅಕ್ಷರವೆಂಬ ಅರ್ಥ ಬರುವಂತೆ ಪಾರಸಿಯಿಂದ ಕಟ್ಟಿದ ಹೆಸರು. ಮುಂದೆ ಬೆಹ್ದಾದ್ ಎಸ್ಫಹ್‌ಬೋದ್ ಎಂಬ ಇರಾನೀ ಮೂಲದ ತಂತ್ರಜ್ಞ ಅದನ್ನು ಬುಡದಿಂದ ಹೊಸದಾಗಿ ಬರೆದ. ಆ ಹೊಸ ಪಾಠದ ಬಿಡುಗಡೆಗಳು 2012ರಿಂದ ಹೊರಬಂದವು. ಇಂದು ಫೈರ್‌ಫಾಕ್ಸಿನಲ್ಲಿ, ಕ್ರೋಮಿನಲ್ಲಿ, ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡದ ಒತ್ತಕ್ಷರಗಳನ್ನು ಕೂರಿಸುವ ಮೊಳೆಜೋಡಕ ಅದೇ. ಲಿಬ್ರೆ ಆಫೀಸು 2017ರ 5.3ನೆಯ ಆವೃತ್ತಿಯಿಂದ ಎಲ್ಲ ಬಗೆಯ ಯಂತ್ರಗಳಲ್ಲೂ ಅದನ್ನೇ ನೆಚ್ಚಿದೆ. ಪತ್ರಿಕೆಯ ಜಾಲತಾಣವನ್ನು ಫೋನಿನಲ್ಲಿ ತೆರೆದು 'ರಾಷ್ಟ್ರೀಯ' ಎಂದು ಓದುವವನಿಗೆ ಇದರ ಹೆಸರೇ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ.

ಸ್ವಾರಸ್ಯವಿರುವುದು ಮುಂದೆ. ಒಂದಾದ ಹಾರ್ಫ್‌ಬಜ್ಜನ್ನು ಎಲ್ಲರೂ ಮತ್ತೆ ತಮ್ಮ ತಮ್ಮ ಗಂಟಿಗೆ ನಕಲು ಮಾಡಿಕೊಂಡಿದ್ದಾರೆ! ಫೈರ್‌ಫಾಕ್ಸಿನ ಮೂಲಪಾಠದಲ್ಲಿ ಅದರದೊಂದು ಪ್ರತಿ ಇದೆ, ಕ್ಯೂಟಿಯಲ್ಲಿ ಒಂದಿದೆ, ಜಾವಾದ ಮುಕ್ತ ರೂಪದಲ್ಲಿ ಒಂದಿದೆ. ಹಾಗಾದರೆ ಕಲಿತದ್ದೇನು? ಕಲಿತದ್ದು ಇಷ್ಟು: ಹಿಂದೆ ಒಯ್ದ ಪ್ರತಿಗೆ ತವರುಮನೆ ಇರಲಿಲ್ಲ, ಈಗ ಇದೆ. ತಿದ್ದುಪಡಿ ತವರಿನಲ್ಲಿ ಆಗುತ್ತದೆ, ಪ್ರತಿಗಳನ್ನು ಅಲ್ಲಿಂದ ಆಗಾಗ ಹೊಸದು ಮಾಡಿಕೊಳ್ಳುತ್ತಾರೆ. ಯಾವ ಆವೃತ್ತಿಯ ಪ್ರತಿಯೆಂದು ಗುರುತಿರುತ್ತದೆ. ಅಷ್ಟೇ ಅಲ್ಲ, ಕ್ಯೂಟಿಯಲ್ಲಿ, ಲಿಬ್ರೆ ಆಫೀಸಿನಲ್ಲಿ, ಕಟ್ಟುವಾಗ 'ನನ್ನ ಯಂತ್ರದಲ್ಲಿ ಆಗಲೇ ಒಂದಿದೆ, ನಿಮ್ಮ ಬುತ್ತಿ ಬೇಡ' ಎಂದು ಹೇಳುವುದಕ್ಕೂ ಅವಕಾಶವಿಟ್ಟಿದ್ದಾರೆ. ಅತಿಥಿ ಬುತ್ತಿ ತಂದಿದ್ದರೂ ಮನೆಯ ಬಿಸಿ ಅನ್ನ ಉಣ್ಣಬಹುದು.

ಈ ಕೊನೆಯ ಅವಕಾಶ ಎಷ್ಟು ಮುಖ್ಯವೆಂಬುದನ್ನು ಲೋಕ ದುಬಾರಿ ಪಾಠವಾಗಿ ಕಲಿತದ್ದು 2002ರ ಮಾರ್ಚಿನಲ್ಲಿ. ಕಡತಗಳನ್ನು ಹಿಂಡುವ ಜೀಲಿಬ್ ಎಂಬ ಲೈಬ್ರರಿಯನ್ನು ಜಾನ್-ಲೂ ಗೈಯಿ, ಮಾರ್ಕ್ ಆಡ್ಲರ್ ಎಂಬಿಬ್ಬರು ಬರೆದು 1995ರಲ್ಲಿ ಧರ್ಮಾರ್ಥ ಬಿಟ್ಟಿದ್ದರು. ಚಿಕ್ಕದು, ಚೊಕ್ಕದು, ಪರವಾನಗಿಯ ಕಿರಿಕಿರಿ ಇಲ್ಲ. ಆದ್ದರಿಂದ ಸಿಕ್ಕಸಿಕ್ಕವರೆಲ್ಲ ಅದರ ಮೂಲಪಾಠವನ್ನು ತಮ್ಮ ಪ್ರೋಗ್ರಾಮಿನೊಳಗೆ ನಕಲು ಮಾಡಿಕೊಂಡರು. ಲೈನಕ್ಸಿನ ತಿರುಳಿನೊಳಗೂ ಅದರ ಪ್ರತಿಯಿತ್ತು. ಒಮ್ಮೆ ಬಿಟ್ಟುಕೊಟ್ಟ ಸ್ಮೃತಿಸ್ಥಳವನ್ನು ಇನ್ನೊಮ್ಮೆ ಬಿಟ್ಟುಕೊಡುವ ದೋಷವೊಂದು ಅದರಲ್ಲಿ ಪತ್ತೆಯಾಯಿತು. ಕೆಡುಕರು ಅದನ್ನು ಬಳಸಿ ಯಂತ್ರದೊಳಗೆ ನುಗ್ಗುವ ಭಯವಿತ್ತು. 1.1.4 ಎಂಬ ಆವೃತ್ತಿಯಲ್ಲಿ ತಿದ್ದಿದ್ದೇನೋ ಆಯಿತು. ಆದರೆ ನಕಲುಗಳು ಎಲ್ಲೆಲ್ಲಿವೆಯೆಂದು ಯಾರಿಗೆ ಗೊತ್ತು? ಒಂದು ಬಾವಿಯ ನೀರು ಕೆಟ್ಟರೆ ಬಾವಿಯನ್ನು ತೊಳೆಯಬಹುದು. ಊರಿನ ಪ್ರತಿ ಮನೆಯ ಹಂಡೆಯಲ್ಲೂ ಆ ನೀರು ತುಂಬಿಟ್ಟಿದ್ದರೆ? ಮನೆಮನೆಗೂ ಹೋಗಿ ಹಂಡೆ ಇಣುಕಬೇಕಾಯಿತು.

1993ರಲ್ಲಿ ಆರಂಭವಾದ ಡೆಬಿಯನ್ ಬಳಗದವರು ಇಂಥ ನಕಲುಗಳ ವಿಷಯದಲ್ಲಿ ಬಹಳ ಮಡಿವಂತರು. ಅವರ ನಿಯಮಾವಳಿಯಲ್ಲೇ ಇದಕ್ಕೊಂದು ಪ್ರಕರಣವಿದೆ: ಬಿಡುಗಡೆಯ ಗಂಟಿನಲ್ಲಿ ಬೇರೆ ಲೈಬ್ರರಿಯ ಪ್ರತಿ ಇದ್ದರೆ ಅದನ್ನು ಬಳಸದೆ, ವ್ಯವಸ್ಥೆಯಲ್ಲಿರುವ ಒಂದೇ ಲೈಬ್ರರಿಯನ್ನು ಬಳಸಬೇಕು. ಮನೆಗೆ ಒಂದೇ ಒರಳು ಎಂಬ ಸಿದ್ಧಾಂತ. ಒಟ್ಟು ಕುಟುಂಬದ ಯಜಮಾನನಿಗೆ ಇದು ಸರಿಯೇ. ಆದರೆ ಈ ಸಿದ್ಧಾಂತದ ಪ್ರಭಾವದಿಂದಲೂ, ಜಾಲ ಎಲ್ಲೆಲ್ಲೂ ಇದ್ದೇ ಇರುತ್ತದೆಂಬ ಶ್ರೀಮಂತ ದೇಶಗಳ ಭ್ರಮೆಯಿಂದಲೂ, ಬಿಡುಗಡೆ ಮಾಡುವವರು ಬುತ್ತಿ ಕಟ್ಟುವುದನ್ನೇ ಬಿಡುತ್ತ ಬಂದರು.

ಈಗ ನನ್ನ ಬರೀ ಎಲೆಯ ವಿಷಯ. ಲೈನಕ್ಸಿನ ಕರ್ತೃ ಲೈನಸ್ ಟೊರ್ವಾಲ್ಡ್ಸ್ 2005ರಲ್ಲಿ ಗಿಟ್ ಎಂಬ ಸಾಧನವನ್ನು ಬರೆದ. ಹಲವರು ಕೂಡಿ ತಿದ್ದುವ ಮೂಲಪಾಠದ ಪ್ರತಿಯೊಂದು ಬದಲಾವಣೆಯನ್ನೂ ಅದು ಲೆಕ್ಕವಿಡುತ್ತದೆ. 2007ರಲ್ಲಿ ಅದಕ್ಕೆ 'ಸಬ್‌ಮಾಡ್ಯೂಲ್' ಎಂಬ ಅಂಗವೊಂದು ಸೇರಿತು. ಬೇರೆಯವರ ಲೈಬ್ರರಿಯನ್ನು ನಕಲು ಮಾಡುವ ಬದಲು ಅದರ ವಿಳಾಸವನ್ನೂ, ಇಂಥದೇ ಸ್ಥಿತಿಯ ಪ್ರತಿ ಬೇಕೆಂದು 40 ಅಕ್ಷರಗಳ ಒಂದು ಗುರುತನ್ನೂ ಬರೆದಿಡುವುದು. ಬುದ್ಧಿವಂತಿಕೆಯ ಏರ್ಪಾಡು, ಇದಕ್ಕಿಂತ ಕರಾರುವಾಕ್ಕಾದ ಕೈಮರ ಇನ್ನೊಂದಿಲ್ಲ. ಬರೆಯುವವರು ತಮ್ಮ ಯಂತ್ರದಲ್ಲಿ ಒಂದು ಆಜ್ಞೆ ಕೊಟ್ಟರೆ ಲೈಬ್ರರಿ ತಾನಾಗಿ ಬಂದು ಕೂರುತ್ತದೆ, ಆಮೇಲೆ ಅದರ ಯೋಚನೆಯೇ ಅವರಿಗಿರುವುದಿಲ್ಲ. ಗಿಟ್‌ಹಬ್ ಮುಂತಾದ ತಾಣಗಳು ಬಿಡುಗಡೆಯ ಗಂಟನ್ನು ತಾವಾಗಿ ಕಟ್ಟಿಕೊಡುತ್ತವೆ. ಆ ಗಂಟಿನಲ್ಲಿ ಸಬ್‌ಮಾಡ್ಯೂಲಿನ ಒಳಗಿರುವುದು ಸೇರುವುದಿಲ್ಲ. ಖಾಲಿ ಕೋಶ ಮಾತ್ರ ಬರುತ್ತದೆ. ಬರೆದವರ ಮನೆಯಲ್ಲಿ ಎಲೆಯ ತುಂಬ ಊಟ. ಹ್ಯಾಂಡ್‌ಪೋಸ್ಟಿಗೆ ಬಂದದ್ದು ಎಲೆ.

ಶ್ರೀಮಂತ ದೇಶಗಳಿಗೂ ಈ ಬಿಸಿ ತಟ್ಟಿತು. 2016ರ ಮಾರ್ಚಿನಲ್ಲಿ ಲೆಫ್ಟ್-ಪ್ಯಾಡ್ ಎಂಬ ಹನ್ನೊಂದು ಸಾಲಿನ ಲೈಬ್ರರಿಯನ್ನು ಅದರ ಕರ್ತೃ ಒಂದು ಹೆಸರಿನ ವಿವಾದದಲ್ಲಿ ಸಿಟ್ಟಾಗಿ ಸಾರ್ವಜನಿಕ ಉಗ್ರಾಣದಿಂದ ತೆಗೆದುಹಾಕಿದ. ಅದು ಮಾಡುತ್ತಿದ್ದ ಕೆಲಸ ಸಾಲಿನ ಎಡಕ್ಕೆ ಖಾಲಿ ಜಾಗ ತುಂಬುವುದು, ಅಷ್ಟೇ. ಅದನ್ನು ನೆಚ್ಚಿದ್ದ, ಅದನ್ನು ನೆಚ್ಚಿದ್ದವರನ್ನು ನೆಚ್ಚಿದ್ದ ಪ್ರೋಗ್ರಾಮುಗಳ ಕಟ್ಟೋಣ ಲೋಕದಾದ್ಯಂತ ಕೆಲವು ಗಂಟೆ ನಿಂತುಹೋಯಿತು. ಆಮೇಲೆ ಬುತ್ತಿಗೆ ಮತ್ತೆ ಮರ್ಯಾದೆ ಬಂತೆಂದು ಬೇರೆ ಹೇಳಬೇಕಾಗಿಲ್ಲ.

ಹಾಗೆಂದು ಬುತ್ತಿಯ ಪಕ್ಷ ವಹಿಸಿ ನಾನು ಕಣ್ಣು ಮುಚ್ಚಿಕೊಳ್ಳುವಂತಿಲ್ಲ. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಎಂಬಾತ ಒಂದು ಆಘಾತದ ಸುದ್ದಿ ತಂದ. ದೂರದ ಯಂತ್ರಕ್ಕೆ ಪ್ರವೇಶಿಸುವಾಗ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದೆ, ಏಕೆ ಎಂದು ಬೆನ್ನು ಹತ್ತಿದ ಪುಣ್ಯಾತ್ಮ ಆತ. ಎಕ್ಸ್‌ಜೆಡ್ ಎಂಬ, ಕಡತ ಹಿಂಡುವ ಇನ್ನೊಂದು ಲೈಬ್ರರಿಯ 5.6.0 ಮತ್ತು 5.6.1ನೆಯ ಆವೃತ್ತಿಗಳಲ್ಲಿ ಕಳ್ಳಬಾಗಿಲೊಂದು ಇರುವುದು ಕಂಡುಬಂತು. ಎರಡು ವರ್ಷಕ್ಕೂ ಮೀರಿ ನಂಬಿಕೆ ಗಳಿಸಿ, ಆಮೇಲೆ ಬಿಡುಗಡೆಯ ಅಧಿಕಾರ ಪಡೆದ, ಜಿಯಾ ಟಾನ್ ಎಂಬ ಹೆಸರು ಹೊತ್ತ ಅಜ್ಞಾತನೊಬ್ಬನ ಕೆಲಸ. ಕಳ್ಳಸರಕನ್ನು ಪರೀಕ್ಷೆಯ ಕಡತಗಳಲ್ಲಿ ಅಡಗಿಸಿದ್ದ. ಅದನ್ನು ಬಿಚ್ಚಿ ಕೂರಿಸುವ ಸೂತ್ರವನ್ನು ಎಲ್ಲರ ಕಣ್ಣಿಗೆ ಬೀಳುವ ಗಿಟ್ಟಿನ ಲೆಕ್ಕದಲ್ಲಿ ಇಡದೆ, ಬಿಡುಗಡೆಯ ಗಂಟಿನಲ್ಲಿ ಮಾತ್ರ ಸೇರಿಸಿದ್ದ. ಡೆಬಿಯನ್ನಿನ ಪರೀಕ್ಷಾ ಆವೃತ್ತಿಯ ತನಕ ಅದು ಬಂದಿತ್ತು. ಇನ್ನಷ್ಟು ವಾರ ಗಮನಕ್ಕೆ ಬಾರದಿದ್ದರೆ ಎಲ್ಲಿಗೆ ಮುಟ್ಟುತ್ತಿತ್ತೋ.

ಆದ್ದರಿಂದಲೇ ಬುತ್ತಿ ಬೇಡವೆನ್ನುವವರ ವಾದವನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಅವರು ಒಂದು ಮಾತು ಮರೆಯುತ್ತಾರೆ. ಆ ಮೋಸ ನಡೆದದ್ದು ಗಂಟಿನಲ್ಲಿ ಹೆಚ್ಚು ವಸ್ತುವಿತ್ತೆಂದಲ್ಲ. ಗಂಟಿನೊಳಗಿನದಕ್ಕೂ ಎಲ್ಲರೂ ನೋಡಬಲ್ಲ ಪಾಠಕ್ಕೂ ತಾಳೆ ನೋಡುವವರು ಇರಲಿಲ್ಲವೆಂದು. ಯಾವ ಲೈಬ್ರರಿ, ಯಾವ ಆವೃತ್ತಿ, ಎಲ್ಲಿಂದ ತಂದದ್ದು, ಏನು ತಿದ್ದಿದ್ದು ಎಂಬ ಚೀಟಿಯಿದ್ದು, ಬೇರೆಯವರೂ ಅದೇ ಗಂಟನ್ನು ಕಟ್ಟಿ ಹೋಲಿಸಿ ನೋಡುವಂತಿದ್ದರೆ, ಬುತ್ತಿಯಷ್ಟು ಪ್ರಾಮಾಣಿಕವಾದದ್ದು ಬೇರೊಂದಿಲ್ಲ. ಮೂಲಪಾಠವನ್ನು ತೆರೆದಿಟ್ಟಿದ್ದೇನೆಂದು ಸಾರಿ, ಕಟ್ಟಲು ಬೇಕಾದ ಅರ್ಧವನ್ನು ಜಾಲದ ಇನ್ನೊಂದು ತುದಿಯಲ್ಲಿಟ್ಟರೆ, ಆ ಸ್ವಾತಂತ್ರ್ಯ ಜಾಲವಿದ್ದವರಿಗೆ ಮಾತ್ರ ದಕ್ಕುವ ಸ್ವಾತಂತ್ರ್ಯ. ಪರವಾನಗಿಯ ಅಕ್ಷರ ಪಾಲಿಸಿದಂತಾಯಿತೋ ಇಲ್ಲವೋ ವಕೀಲರು ಹೇಳಬೇಕು. ಕೋಟೆ ತಾಲ್ಲೂಕಿನ ಮೇಷ್ಟರಿಗಂತೂ ಅದು ದಕ್ಕಲಿಲ್ಲ.

ಮುಂದಿನ ಭಾನುವಾರ ನಾನು ಮತ್ತೆ ಹೋದೆ. ಈ ಸಲ ಖಾಲಿ ಕೋಶವನ್ನು ಮೈಸೂರಿನಲ್ಲೇ ತುಂಬಿಸಿ, ಆ ಲೈಬ್ರರಿ ನೆಚ್ಚಿದ್ದ ಇನ್ನೆರಡನ್ನೂ ಸೇರಿಸಿ, ಮನೆಯ ಯಂತ್ರವನ್ನು ಜಾಲದಿಂದ ಬಿಡಿಸಿ ಒಮ್ಮೆ ಕಟ್ಟಿ ನೋಡಿ, ಆಮೇಲೆ ಹೊರಟೆ. ಏನೇನು ಇಟ್ಟಿದ್ದೇನೆಂದು ಒಂದು ಪಟ್ಟಿ ಬರೆದು ಅದನ್ನೂ ಪೆನ್ ಡ್ರೈವಿನಲ್ಲಿಟ್ಟೆ. ನಾಲ್ಕರಲ್ಲಿ ಮೂರು ಯಂತ್ರ ಒಪ್ಪಿಕೊಂಡವು. ನಾಲ್ಕನೆಯದು ಅದಕ್ಕೆ ಮೊದಲೇ ಇಹಲೋಕ ತ್ಯಜಿಸಿತ್ತು. ರಜೆಯಾದರೂ ಬಂದಿದ್ದ ಏಳೆಂಟು ಮಕ್ಕಳಲ್ಲಿ ಒಬ್ಬ ಹುಡುಗಿ ತನ್ನ ಹೆಸರು ಬಿಟ್ಟು ಊರಿನ ಹೆಸರು ಬರೆಯಲು ಕೂತಳು. 'ಹ್ಯಾಂಡ್‌ಪೋಸ್ಟ್' ಎಂಬುದರಲ್ಲಿ ಎಷ್ಟು ಒತ್ತಕ್ಷರಗಳಿವೆಯೆಂದು ನನಗೆ ಅರಿವಾದದ್ದು ಅಂದೇ.

ಮೊನ್ನೆ ಆ ಕಡೆ ಹೋಗಿದ್ದೆ. ಈಗ ಮೊಬೈಲಿನಲ್ಲಿ ಚಕ್ರ ಅಷ್ಟು ತಿರುಗುವುದಿಲ್ಲ. "ಇನ್ನು ಬುತ್ತಿ ಕಟ್ಟೋ ಕಾಲ ಹೋಯ್ತು ಬಿಡಿ ಭಾವ" ಎಂದ ನನ್ನ ಬಾಮೈದ. ಹಾಗೆಂದವನೇ ಬೀರು ತೆರೆದು, ಹಾಜರಿ ಪುಸ್ತಕಗಳ ಹಿಂದಿನಿಂದ ಹಳೆಯ ಪೆನ್ ಡ್ರೈವನ್ನು ಹುಡುಕಿ ತೆಗೆದು ತೋರಿಸಿದ. ಬಿಳಿ ಚೀಟಿ ಅಂಟಿಸಿ ಅದರ ಮೇಲೆ ನೀಲಿ ಶಾಯಿಯಲ್ಲಿ ಬರೆದಿದ್ದ: 'ಕನ್ನಡ ಟೈಪು, ಪೂರ್ತಿ, 2014.'